ಮೆತ್ತಗೆ ಹೇಳಿದ ಮಾತು

ಹಾಸಿಗೆ ಅಂಗಡಿಯ ಮೆತ್ತೆಯಮ್ಮ ನಕ್ಕರೆ ರಸ್ತೆಯಾಚೆ ಬೀಗ ರಿಪೇರಿ ಮಾಡುವವನಿಗೂ ಕೇಳಿಸುತ್ತಿತ್ತು. ಆಕೆ ತುಂಬಿಕೊಂಡ ಮೈಯ ಹೆಂಗಸು. ಕುರ್ಚಿಯಲ್ಲಿ ಕೂತರೆ ಕುರ್ಚಿ ಕಾಣುತ್ತಿರಲಿಲ್ಲ. ಸೀರೆಯ ಮೇಲೆ, ಹುಬ್ಬಿನ ಮೇಲೆ ಸದಾ ಹತ್ತಿಯ ಎಳೆಗಳು ಅಂಟಿಕೊಂಡಿರುತ್ತಿದ್ದವು. ದಬ್ಬಳಕ್ಕೆ ಹುರಿ ಪೋಣಿಸಿ ಹಾಸಿಗೆಗೆ ಹೊಲಿಗೆ ಹಾಕುತ್ತಲೇ ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುವುದು ಆಕೆಯ ಪದ್ಧತಿ.

"ಅಕ್ಕಾ, ನಿಮ್ಮ ಅಂಗಡಿಗೆ ಕಳ್ಳ ನುಗ್ಗಿದ್ರೂ ಒಂದು ನಿದ್ದೆ ತೆಗೆದು ಎದ್ದು ಹೋಗ್ತಾನೆ. ಬೀಗ ಯಾಕೆ ದಂಡ?" ಎಂದು ಬೀಗದವನು ಕೂಗುತ್ತಿದ್ದ.

"ಹಾಗಾದ್ರೆ ನೀನು ಏನು ತಿಂತೀಯಪ್ಪ? ನಿನ್ನ ಹೊಟ್ಟೆಗೋಸ್ಕರ ಹಾಕ್ತೀನಿ ಬೀಗ," ಎನ್ನುತ್ತಿದ್ದಳು ಆಕೆ.

ಅಂಗಡಿ ಗಂಡನದು. ಆತ ಹತ್ತಿ ಹಿಂಜಿ ಹಿಂಜಿ ಕೆಮ್ಮು ಹಚ್ಚಿಕೊಂಡಿದ್ದ. ಎದೆಯಲ್ಲಿ ಉಳಿದದ್ದು ಏನೂ ಇಲ್ಲ ಎಂದು ಡಾಕ್ಟರು ಹೇಳಿದ್ದನ್ನು ಆಕೆ ಹೊರಗೆ ಬಂದು, "ಸ್ವಲ್ಪ ದೂಳು ಕೂತಿದೆಯಂತೆ, ಬಿಸಿಲು ಬಲಿತರೆ ಸರಿಹೋಗುತ್ತಂತೆ" ಎಂದು ಗಂಡನಿಗೆ ತಿಳಿಸಿದ್ದಳು. ಆತ ಬಿಸಿಲು ಬಲಿಯುವುದನ್ನೇ ಕಾಯುತ್ತ ಒಂದು ಮಧ್ಯಾಹ್ನ ನಿದ್ದೆಯಲ್ಲೇ ಹೋದ. ಪುಣ್ಯವಂತೆ, ಗಂಡನಿಗೆ ಸಾವಿನ ಹೆದರಿಕೆ ತಟ್ಟದ ಹಾಗೆ ಕಳಿಸಿದಳು ಎಂದು ನಾಲ್ಕು ಜನ ಹೊಗಳಿದರು. ಮಗ ಪರೀಕ್ಷೆಯಲ್ಲಿ ಫೇಲಾದಾಗಲೂ, ಕೊಟ್ಟ ಹಾಸಿಗೆ ಗಂಟುಕಟ್ಟಿದೆ ಎಂದು ಗಿರಾಕಿ ಜಗಳಕ್ಕೆ ಬಂದಾಗಲೂ ಆಕೆ ಅದನ್ನೇ ಮಾಡಿದಳು. ಗಟ್ಟಿಯಾದದ್ದನ್ನು ಇದ್ದ ಹಾಗೆ ಯಾರ ಕೈಗೂ ಕೊಡುತ್ತಿರಲಿಲ್ಲ. ಮೊದಲು ಹಿಂಜಿ, ಗಾಳಿ ತುಂಬಿ, ಮೆತ್ತಗೆ ಮಾಡಿ ಕೊಡುತ್ತಿದ್ದಳು. ಅದು ದೇವರು ತನಗೆ ಕೊಟ್ಟ ಒಳ್ಳೆಯ ಗುಣ ಎಂದೇ ನಂಬಿದ್ದಳು.

ಮಗ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಿದ್ದ. ಸೊಸೆ ಬಟ್ಟೆ ಕಾರ್ಖಾನೆಯಲ್ಲಿ ಹೊಲಿದ ಅಂಗಿಗಳ ತಪ್ಪು ಹುಡುಕುವ ಕೆಲಸದಲ್ಲಿದ್ದಳು. ಹೆರಿಗೆ ರಜೆ ಮುಗಿದ ಮೇಲೆ ಮೊಮ್ಮಗ ಅಜ್ಜಿಯ ಪಾಲಿಗೆ ಬಂದ. ಗುಂಡ ಎಂದು ಕರೆಯುತ್ತಿದ್ದರು. ಆಗಷ್ಟೇ ದಿಂಬಿನ ಆಸರೆಯಲ್ಲಿ ಕೂರುವುದನ್ನು ಕಲಿಯುತ್ತಿದ್ದ. ಕೂತವನು ಅಜ್ಜಿಯ ಹೊಲಿಗೆ ನೋಡುತ್ತ ನೋಡುತ್ತ ಪಕ್ಕಕ್ಕೆ ವಾಲಿ ಬೀಳುತ್ತಿದ್ದ. ಎತ್ತ ಬಿದ್ದರೂ ಹತ್ತಿ, ಎತ್ತ ಬಿದ್ದರೂ ದಿಂಬು. "ನಮ್ಮ ಅಂಗಡೀಲಿ ಬಿದ್ದವರಿಗೆ ಪೆಟ್ಟಾಗೋದುಂಟಾ?" ಎಂದು ಆಕೆ ನಗುತ್ತಿದ್ದಳು.

ಸ್ಪ್ರಿಂಗ್ ಹಾಸಿಗೆ ಮಾರಲು ಆಕೆಗೆ ಒಂದು ಆಟವಿತ್ತು. ಹಾಸಿಗೆಯ ಒಂದು ತುದಿಗೆ ದಿಂಬನ್ನಿಟ್ಟು, ಇನ್ನೊಂದು ತುದಿಯಲ್ಲಿ ತನ್ನ ಭಾರವನ್ನೆಲ್ಲ ಬಿಟ್ಟು ಧಪ್ಪೆಂದು ಕೂರುತ್ತಿದ್ದಳು. ದಿಂಬು ಚಂಗನೆ ಹಾರುತ್ತಿತ್ತು. ಗಿರಾಕಿಗಳು ನಗುತ್ತಿದ್ದರು, ನಕ್ಕವರು ಕೊಳ್ಳುತ್ತಿದ್ದರು.

ಆ ದಿನ ಹಿಂಜುವ ಯಂತ್ರದಿಂದ ಎಣ್ಣೆ ಸೋರಿ ನೆಲವೆಲ್ಲ ಜಿಡ್ಡಾಗಿತ್ತು. ಆಕೆ ನೆಲ ತೊಳೆದು ಒಣಗಲು ಬಿಟ್ಟು, ಮಲಗಿದ್ದ ಗುಂಡನನ್ನು ಎರಡು ಸ್ಪ್ರಿಂಗ್ ಹಾಸಿಗೆಗಳನ್ನು ಒಂದರ ಮೇಲೊಂದು ಪೇರಿಸಿದ್ದ ಕಡೆ, ಗೋಡೆಯ ಬದಿಯ ತುದಿಯಲ್ಲಿ ಮಲಗಿಸಿದಳು. ಸುತ್ತ ದಿಂಬುಗಳ ಕೋಟೆ ಕಟ್ಟಿದಳು. ಅಷ್ಟರಲ್ಲಿ ಮದುವೆ ಗೊತ್ತಾದ ಜೋಡಿಯೊಂದು ಹಾಸಿಗೆ ನೋಡಲು ಬಂತು. ಹುಡುಗಿಗೆ ನಾಚಿಕೆ, ಹುಡುಗನಿಗೆ ಬಿಗುಮಾನ.

"ಗಟ್ಟಿ ಇದೆಯಾ?" ಎಂದ ಹುಡುಗ.

"ಗಟ್ಟಿ ಬೇಕಾದ್ರೆ ನೆಲದ ಮೇಲೆ ಮಲಗಪ್ಪ, ಯಾರು ಬೇಡ ಅಂದ್ರು? ಇದು ಹೇಗೆ ಪುಟಿಯುತ್ತೆ ನೋಡು!" ಎಂದಳು ಮೆತ್ತೆಯಮ್ಮ.

ಬೇರೆ ದಿನವಾಗಿದ್ದರೆ ದಿಂಬು ತಂದಿಡಲು ಆ ತುದಿಗೆ ನಡೆಯುತ್ತಿದ್ದಳು. ನಡೆದಿದ್ದರೆ ಕಾಣುತ್ತಿತ್ತು. ಆದರೆ ಅಂದು ಆ ತುದಿಯಲ್ಲಿ ದಿಂಬು ಆಗಲೇ ಇತ್ತು. ಕಣ್ಣು ದಿಂಬನ್ನು ನೋಡಿತು, ಮೈ ತನ್ನ ರೂಢಿಯ ಕೆಲಸ ಮಾಡಿತು. ಆಕೆ ಧಪ್ಪೆಂದು ಕೂತಳು.

ದಿಂಬುಗಳ ಜೊತೆ ಮಗು ಹಾರಿತು. ಹಾಸಿಗೆಯ ಅಂಚಿಗೆ ಬಿದ್ದು ಅಲ್ಲಿಂದ ಹೊರಳಿ, ಹತ್ತಿ ತೂಗುವ ತಕ್ಕಡಿಯ ಕಬ್ಬಿಣದ ಮೂಲೆಗೆ ಅದರ ತಲೆ ಬಡಿಯಿತು. ಸದ್ದು ದೊಡ್ಡದಲ್ಲ. ಮದುವೆ ಹುಡುಗಿ ಕಿರುಚಿದ ಮೇಲೆಯೇ ಮೆತ್ತೆಯಮ್ಮನಿಗೆ ಅದು ಏನೆಂದು ತಿಳಿದದ್ದು.

ಬೀಗದವನು ಅಂಗಡಿ ತೆರೆದಂತೆಯೇ ಬಿಟ್ಟು ಓಡಿಬಂದ. ಅವನ ಸ್ಕೂಟರಿನ ಹಿಂದೆ ಕೂತು ಆಕೆ ಆಸ್ಪತ್ರೆ ಸೇರಿದಳು. ಮಗು ಮೊದಲು ಅಳಲೇ ಇಲ್ಲ. ಆಮೇಲೆ ಅತ್ತಿತು, ವಾಂತಿ ಮಾಡಿಕೊಂಡಿತು. ತಲೆಯ ಚಿತ್ರ ತೆಗೆದರು. ಎಡಗಡೆ ಬುರುಡೆಯಲ್ಲಿ ಬಿರುಕು, ಅದರಡಿಯಲ್ಲಿ ತೆಳುವಾಗಿ ರಕ್ತ. ಆಪರೇಷನ್ ಅಗತ್ಯವಿಲ್ಲ, ಕೆಲವು ದಿನ ಇಲ್ಲೇ ಇರಲಿ, ನೋಡೋಣ ಎಂದರು. ರಕ್ತ ತಾನಾಗಿ ಕರಗುತ್ತ ಬಂತು. ಗುಂಡ ಹಾಲು ಕುಡಿದ, ನರ್ಸಿನ ಕೊರಳಿನ ಗುರುತುಚೀಟಿ ಹಿಡಿದು ಎಳೆದ, ನಕ್ಕ.

ಸೊಸೆ ಅತ್ತೆಯನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅತ್ತೆ, ಆ ಟವಲ್ ಕೊಡಿ," "ಅತ್ತೆ, ಸ್ವಲ್ಪ ಸರೀರಿ," ಅಷ್ಟೇ. ಮಗು ಮಾತ್ರ ಅವಳ ಮಡಿಲಿನಿಂದ ಅತ್ತೆಯ ಮಡಿಲಿಗೆ ಬರಲಿಲ್ಲ. ಮೆತ್ತೆಯಮ್ಮನೂ ಕೇಳಲಿಲ್ಲ. ಆಕೆಗೆ ತನ್ನ ಮೈಯ ಮೇಲೆಯೇ ಹೆದರಿಕೆ ಹುಟ್ಟಿತ್ತು. ಮಂಚದ ಹತ್ತಿರ ಕೂರುವಾಗ ಎರಡೂ ಕೈಗಳನ್ನು ಗೋಡೆಗೆ ಊರಿ, ಉಸಿರು ಬಿಗಿಹಿಡಿದು, ಹಕ್ಕಿ ಕೂರುವ ಹಾಗೆ ಕೂರುತ್ತಿದ್ದಳು.

ಮನೆಗೆ ಕಳಿಸುವ ದಿನ ಮೆದುಳಿನ ಡಾಕ್ಟರಮ್ಮ ಬಂದರು. ಮಗ ಔಷಧಿ ತರಲು ಹೋಗಿದ್ದ, ಸೊಸೆ ಒಳಗೆ ಹಾಲೂಡಿಸುತ್ತಿದ್ದಳು. ಹೊರಗೆ ಬೆಂಚಿನ ಮೇಲೆ ಇದ್ದದ್ದು ಮೆತ್ತೆಯಮ್ಮ ಒಬ್ಬಳೇ. ಡಾಕ್ಟರಮ್ಮ ಪಕ್ಕದಲ್ಲಿ ಕೂತರು.

"ಅಜ್ಜಿ, ಒಂದು ವಿಷಯ ಸರಿಯಾಗಿ ಕೇಳಿಸ್ಕೊಳ್ಳಿ. ಬಿರುಕಿನ ಕೆಳಗೇ ಒಂದು ರಕ್ತನಾಳ ಹೋಗುತ್ತೆ. ಮೂಳೆ ಒಳಗೆ ತಾಗಿ ಅದರ ಗೋಡೆ ಹರಿದಿದ್ರೆ, ಆ ಜಾಗ ನಿಧಾನಕ್ಕೆ ಗುಳ್ಳೆ ಥರ ಉಬ್ಬುತ್ತೆ. ಎಲ್ಲರಿಗೂ ಆಗಲ್ಲ, ಅಪರೂಪ. ಆದ್ರೆ ಎಳೆ ಮಕ್ಕಳಲ್ಲಿ ಆಗೋದುಂಟು. ಇವತ್ತಿನ ಚಿತ್ರದಲ್ಲಿ ಇಲ್ಲ, ನಿಜ. ಅದು ಬಿದ್ದ ತಕ್ಷಣ ಕಾಣೋ ಅಂಥದ್ದಲ್ಲ."

"ಮಗು ಆಡ್ತಾ ಇದೆಯಲ್ಲ ತಾಯಿ?"

"ಆಡುತ್ತೆ, ನಗುತ್ತೆ, ಹಾಲು ಕುಡಿಯುತ್ತೆ. ಗುಳ್ಳೆ ಒಡೆದಾಗಲೇ ಗೊತ್ತಾಗೋದು. ಒಡೆದ್ರೆ ಮಗು ಕೈಗೆ ಸಿಗೋದು ಕಷ್ಟ. ಅದಕ್ಕೇ ನಾನು ಹೇಳಿದ ದಿನ ತಪ್ಪದೆ ಬಂದು ರಕ್ತನಾಳದ ಚಿತ್ರ ತೆಗೆಸ್ಬೇಕು. ಮಗ ಸೊಸೆಗೆ ನೀವೇ ಹೇಳ್ತೀರಾ, ನಾನು ಕರೆದು ಹೇಳ್ಲಾ?"

"ನಾನೇ ಹೇಳ್ತೀನಿ ತಾಯಿ. ನನ್ನ ಬಾಯಿಂದಾದ್ರೆ ತಡ್ಕೋತಾರೆ."

ಹೇಳಬೇಕೆಂದೇ ಇದ್ದಳು. ಆದರೆ ಸೊಸೆ ಮಗುವನ್ನು ಎತ್ತಿಕೊಂಡು ಹೊರಬಂದಾಗ ಅವಳ ಮುಖದಲ್ಲಿ ಮೊದಲ ಸಲ ಸ್ವಲ್ಪ ಬಣ್ಣ ಬಂದಿತ್ತು. "ಏನಂದ್ರು ಡಾಕ್ಟ್ರು?" ಎಂದಳು. ಮೆತ್ತೆಯಮ್ಮನ ನಾಲಿಗೆ ತಾನಾಗಿಯೇ ಹಿಂಜಿ ಕೊಟ್ಟಿತು: "ಏನಿಲ್ಲ ಕಣಮ್ಮ, ಎಲ್ಲಾ ಸರಿಯಾಗಿದೆ. ಸುಮ್ನೆ ಇನ್ನೊಂದು ಸಲ ಕರ್ಕೊಂಡು ಬಂದು ಚಿತ್ರ ತೆಗೆಸಿ ತೋರಿಸಿ ಅಂದ್ರು." ಡಾಕ್ಟರ ಚೀಟಿಯಲ್ಲಿ ಬೇರೆಯವರಿಗೆ ಓದಲು ಬರುತ್ತಿದ್ದದ್ದು ತಾರೀಕು ಒಂದೇ.

ಅಂದಿನಿಂದ ಆ ಮನೆಯಲ್ಲಿ ಇಬ್ಬರು ನಿಶ್ಚಿಂತೆಯಿಂದ ಇದ್ದರು, ಒಬ್ಬಳು ಬೆಂಕಿಯ ಮೇಲೆ ಇದ್ದಳು. ಮಗು ಅತ್ತರೆ ಆಕೆಗೆ ಹೆದರಿಕೆ. ನಕ್ಕರೆ ಇನ್ನೂ ಹೆದರಿಕೆ. ನಗುತ್ತದೆ ಎಂದು ಡಾಕ್ಟರಮ್ಮನೇ ಹೇಳಿದ್ದರಲ್ಲ! ಅಡುಗೆಮನೆಯಲ್ಲಿ ಕುಕ್ಕರ್ ಒಳಗೊಳಗೇ ಕುದಿಯುವ ಸದ್ದು ಕೇಳಿದರೆ ಓಡಿಹೋಗಿ ಒಲೆ ಆರಿಸುತ್ತಿದ್ದಳು. ಮಗ, "ಅಮ್ಮ, ಅಕ್ಕಿ ಇನ್ನೂ ಬೆಂದಿಲ್ಲ, ಇವತ್ತು ಕಲ್ಲು ತಿನ್ನಿಸ್ತೀಯಾ?" ಎಂದು ಗದರುತ್ತಿದ್ದ. ಮಗು ಮಲಗಿದರೆ ಬಾಗಿಲ ಮರೆಯಲ್ಲಿ ನಿಂತು ಅದರ ಹೊಟ್ಟೆ ಏರಿಳಿಯುವುದನ್ನು ನೋಡುತ್ತಿದ್ದಳು. ಪ್ರಾರ್ಥನೆಗೆ ಕೂತರೆ ಮಾತೇ ಹೊರಡುತ್ತಿರಲಿಲ್ಲ. ಮನುಷ್ಯರ ಮುಂದೆ ಮೆತ್ತಗೆ ಮಾಡಿ ಹೇಳಬಹುದು, ದೇವರ ಮುಂದೆ ಹಾಗೆ ಹೇಳಲಾಗುವುದಿಲ್ಲ. ಅಲ್ಲಿ ನಿಜವನ್ನೇ ಹೇಳಬೇಕು.

ಅವಳ ಮನಸ್ಸಿನಲ್ಲಿ ಇನ್ನೊಂದು ಹುಳವೂ ಇತ್ತು. ಚಿತ್ರ ತೆಗೆಸದಿದ್ದರೆ ಗುಳ್ಳೆ ಇದೆಯೆಂದು ಯಾರಿಗೂ ತಿಳಿಯುವುದಿಲ್ಲ. ಇಲ್ಲವೆಂದೇ ಇಟ್ಟುಕೊಂಡರೆ ಇಷ್ಟಕ್ಕೇ ಮುಗಿಯಿತು, ತನ್ನ ತಪ್ಪೂ ಒಂದು ಬಿರುಕಿಗೇ ಮುಗಿಯಿತು. ತೆಗೆಸಿ, ಇದೆ ಎಂದರೆ? ಆ ಹುಳವನ್ನು ಹಿಡಿದು ಹೊರಗೆಸೆಯುವ ಧೈರ್ಯ ಆಕೆಗೆ ಬರಲಿಲ್ಲ.

ಹೇಳಿದ ದಿನ ಬೆಳಗ್ಗೆ ಮಗ ವ್ಯಾನಿನ ಕೀಲಿ ಕೈಗೆತ್ತಿಕೊಂಡ. "ಇವತ್ತು ದೂರದ ಲೋಡ್ ಇದೆ. ಅಷ್ಟಕ್ಕೂ ಇವನಿಗೆ ಏನಾಗಿದೆ? ಕಲ್ಲುಗುಂಡು ಹಾಗಿದಾನೆ. ಆ ಚಿತ್ರ ತೆಗೆಯೋಕೆ ನಿದ್ದೆ ಬರಿಸೋ ಇಂಜೆಕ್ಷನ್ ಕೊಡ್ತಾರಂತೆ, ಮೈಗೆ ಅದೇನೋ ಔಷಧಿ ಬಿಡ್ತಾರಂತೆ, ನರ್ಸ್ ಹೇಳಿದ್ರು. ಚೆನ್ನಾಗಿರೋ ಮಗೂನ ಯಾಕೆ ಕೆದಕ್ಬೇಕು?"

ಸೊಸೆ ಅತ್ತೆಯ ಕಡೆ ತಿರುಗಿದಳು. ಮಗುವಿನ ಕಾಲುಚೀಲ ಅವಳ ಕೈಯಲ್ಲೇ ಇತ್ತು. "ಸುಮ್ನೆ ತೋರಿಸಿ ಅಂದಿದ್ದು ಅಷ್ಟೇ ತಾನೇ ಅತ್ತೆ?"

"ಹೂಂ," ಎಂದಳು ಮೆತ್ತೆಯಮ್ಮ. "ಅಷ್ಟೇ."

ಅಂಗಡಿಗೆ ಹೋಗಿ ಬಾಗಿಲೆತ್ತಿದಳು. ಯಾರದೋ ಹಳೆಯ ಹಾಸಿಗೆ ದುರಸ್ತಿಗೆ ಬಂದಿತ್ತು. ಬಿಚ್ಚಲು ಎಳೆದುಕೊಂಡಳು. ಹೊರಗವಸು ಹೊಸದರಂತೆ ಇತ್ತು, ನಡುವೆ ಒಂದು ಕಡೆ ಮಾತ್ರ ಅಂಗೈಯಗಲ ಉಬ್ಬು. ಒಳಗವಸು ಹರಿದು, ಹತ್ತಿಯೆಲ್ಲ ಆ ಒಂದೇ ಕಡೆಗೆ ನುಗ್ಗಿ, ಹೊರಗಿನ ತೆಳು ಬಟ್ಟೆಯೊಂದೇ ತಡೆದು ನಿಂತಿತ್ತು. ಆಕೆ ದಬ್ಬಳದ ತುದಿಯನ್ನು ಹೊಲಿಗೆಗೆ ತಾಗಿಸಿದಳು ಅಷ್ಟೇ, ಬಟ್ಟೆ ಪರ್ರೆಂದು ಬಾಯಿಬಿಟ್ಟಿತು.

ಮೆತ್ತೆಯಮ್ಮ ಎದ್ದಳು. ಅಂಗಡಿ ಬಾಗಿಲನ್ನೂ ಎಳೆಯದೆ ಹೊರಟಳು.

"ಎಲ್ಲಿಗಕ್ಕ? ಬೀಗ ಹಾಕಲ್ವಾ?" ಎಂದ ಬೀಗದವನು.

"ನೀನೇ ಹಾಕೋ."

ಆ ಮೈ ಹೊತ್ತುಕೊಂಡು ಆಕೆ ಅಂದು ಓಡಿದಳು. ಜನ ತಿರುಗಿ ನೋಡಿದರು. ಮನೆ ತಲುಪಿದಾಗ ಮಗ ಇನ್ನೂ ವ್ಯಾನಿಗೆ ಪೆಟ್ಟಿಗೆಗಳನ್ನು ತುಂಬುತ್ತಿದ್ದ, ಸೊಸೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಮೆತ್ತೆಯಮ್ಮ ಹೊಸ್ತಿಲಿಗೆ ಒರಗಿ, ಏದುಸಿರು ಬಿಡುತ್ತ, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದಳು. ಗುಳ್ಳೆ. ಒಡೆದಾಗಲೇ ಗೊತ್ತಾಗುವುದು. ಕೈಗೆ ಸಿಗುವುದು ಕಷ್ಟ.

ಸೊಸೆಯ ಮುಖ ಸುಣ್ಣದ ಹಾಗಾಯಿತು.

"ಇಷ್ಟು ದಿನ? ಇಷ್ಟು ದಿನ ಬಾಯಲ್ಲಿ ಹತ್ತಿ ತುರುಕ್ಕೊಂಡಿದ್ರಾ ಅತ್ತೆ?"

"ನೀನು ಹೆದರ್ಕೋತೀಯ ಅಂತ..."

"ನಾನು ಹೆದರ್ಬೇಕಾಗಿತ್ತು! ನನ್ನ ಮಗುಗೆ ನಾನು ಹೆದರ್ದೆ ಇನ್ಯಾರು ಹೆದರ್ಬೇಕು? ಇವನನ್ನ ನಿನ್ನೆ ಮೇಲಕ್ಕೆ ಎಸೆದು ಎಸೆದು ಹಿಡೀತಿದ್ರು ಇವನಪ್ಪ. ನೀವು ನೋಡ್ತಾ ಕೂತಿದ್ರಿ!"

ನಿಜ, ಕೂತಿದ್ದಳು. ಕಣ್ಣು ಮುಚ್ಚಿಕೊಂಡು ಕೂತಿದ್ದಳು.

ಮಗ ತುಂಬಿದ ಪೆಟ್ಟಿಗೆಗಳನ್ನು ರಸ್ತೆಯ ಮೇಲೇ ಇಳಿಸತೊಡಗಿದ.

ಆಸ್ಪತ್ರೆಯವರೆಗೂ ವ್ಯಾನು ಎತ್ತಿನಗಾಡಿಯ ಹಾಗೆ ಹೋಯಿತು. ಒಂದೊಂದು ಗುಂಡಿಗೂ ಮಗ ಹಲ್ಲು ಕಚ್ಚುತ್ತಿದ್ದ. ಹಿಂದೆ ಬಂದವರು ಹಾರ್ನ್ ಬಾರಿಸಿ ಬೈದು ಮುಂದೆ ಹೋದರು. ಗುಂಡ ಮಾತ್ರ ಕಿಟಕಿಯ ಗಾಜಿಗೆ ನಾಲಿಗೆ ಹಚ್ಚಿ ರುಚಿ ನೋಡುತ್ತಿದ್ದ.

ಚಿತ್ರದಲ್ಲಿ ಅದು ಇತ್ತು. ಬಿರುಕಿನ ನೇರಕ್ಕೆ, ಎಳೆಯಂಥ ನಾಳದ ಮೇಲೆ ಹೆಸರುಕಾಳಿನಷ್ಟು ಒಂದು ಉಬ್ಬು. ಡಾಕ್ಟರಮ್ಮ ಬೆರಳಿಟ್ಟು ತೋರಿಸಿದರು. "ಮನೆಗೆ ಕಳಿಸಲ್ಲ. ನಾಳೆ ಬೆಳಗ್ಗೇನೇ ಆಪರೇಷನ್. ಅಲ್ಲೀವರೆಗೂ ಮಗು ಆದಷ್ಟು ಶಾಂತವಾಗಿರ್ಬೇಕು. ಜೋರಾಗಿ ಅಳೋಕೆ ಬಿಡ್ಬೇಡಿ, ಅತ್ರೆ ಗುಳ್ಳೆ ಮೇಲೆ ಒತ್ತಡ ಬೀಳುತ್ತೆ."

ಮಾರನೆಯ ಬೆಳಗ್ಗೆ ಅದೇ ದೊಡ್ಡ ಕಷ್ಟವಾಯಿತು. ಅರಿವಳಿಕೆ ಕೊಡಬೇಕಾದ್ದರಿಂದ ಹಾಲು ಕುಡಿಸಬಾರದೆಂದಿದ್ದರು. ಹಸಿದ ಮಗು ಮೊದಲು ಗೊಣಗಿತು, ಆಮೇಲೆ ತಾಯಿಯ ಎದೆಗೆ ಮುಖ ತಿಕ್ಕಿತು, ಆಮೇಲೆ ಕೆಂಪಗಾಗಿ ಅರಚತೊಡಗಿತು. ಸೊಸೆ ಎತ್ತಿ ಆಡಿಸಿದಳು, ಬೆನ್ನು ಸವರಿದಳು. ಅವಳ ಮೈಯಲ್ಲಿ ಹಾಲಿನ ವಾಸನೆ. ಅವಳು ಅಪ್ಪಿಕೊಂಡಷ್ಟೂ ಮಗು ಹೆಚ್ಚು ಕೂಗಿತು. ಹಣೆಯ ಪಕ್ಕದ ನರ ಎದ್ದು ಕಂಡಿತು. ಮಗ ಎತ್ತಿಕೊಂಡ. ಅವನ ಬಿಗಿ ಹಿಡಿತಕ್ಕೆ ಮಗು ಇನ್ನೂ ಬೆದರಿತು.

"ತಾಯಿ ಸ್ವಲ್ಪ ದೂರ ಹೋಗಿ, ಹಾಲಿನ ವಾಸನೆಗೆ ಹೀಗಾಡ್ತಿದೆ," ಎಂದಳು ನರ್ಸು. "ಬೇರೆ ಯಾರ ಹತ್ರ ಸುಮ್ಮನಾಗ್ತಾನೆ ಇವನು?"

ಅದಕ್ಕೆ ಉತ್ತರ ಗೋಡೆಗೆ ಬೆನ್ನು ಹಚ್ಚಿ ನಿಂತಿತ್ತು.

ಸೊಸೆ ತಿರುಗಿದಳು. ಅವಳ ಕಣ್ಣಲ್ಲಿ ಕ್ಷಮೆ ಏನೂ ಇರಲಿಲ್ಲ, ಭಯ ಒಂದೇ ಇತ್ತು. "ಹಿಡ್ಕೊಳ್ಳಿ ಅತ್ತೆ."

"ನನ್ನ ಕೈಲಾಗಲ್ಲ ಕಣೇ. ಬೇಡ. ನನ್ನ ಮೈ ನಂಬಬೇಡ."

"ಅತ್ತೆ, ಅವನು ಅಳ್ತಿದಾನೆ. ಒಳಗೆ ಅದು ಇದೆ. ಹಿಡ್ಕೊಳ್ಳಿ!"

ಮೆತ್ತೆಯಮ್ಮ ಕುರ್ಚಿಯಲ್ಲಿ ಕೂರಲಿಲ್ಲ, ಮಂಚದ ಮೇಲೂ ಕೂರಲಿಲ್ಲ. ಗೋಡೆಯನ್ನು ಸವರುತ್ತ ಜಾರಿ ನೆಲದ ಮೇಲೆ ಕೂತು ಕಾಲು ಚಾಚಿದಳು. ಸೊಸೆ ಬಗ್ಗಿ ಮಗುವನ್ನು ಆಕೆಯ ಎದೆಯ ಮೇಲೆ ಮಲಗಿಸಿದಳು. ಗುಂಡ ಇನ್ನೆರಡು ಸಲ ಕೂಗಿದ. ಆಮೇಲೆ ಆ ಪರಿಚಿತ ಅಗಲದಲ್ಲಿ ಮುಖ ಹುದುಗಿಸಿ ಮೂಸಿದ, ಬಿಕ್ಕಿದ, ಹಾಗೇ ನಿದ್ದೆಹೋದ. ಆಕೆ ಹಾಡಲಿಲ್ಲ, ತೂಗಲಿಲ್ಲ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಆ ಬಡಿತಕ್ಕೆ ಮಗು ಎಲ್ಲಿ ಎಚ್ಚೆತ್ತೀತೋ ಎಂದು ಹೆದರಿ, ಆಕೆ ಉಸಿರನ್ನು ಎಳೆಎಳೆಯಾಗಿ ಬಿಟ್ಟಳು. ಅಂಗೈಯನ್ನು ತಲೆಯ ಎಡಭಾಗದಿಂದ ದೂರ, ಬೆನ್ನಿನ ಮೇಲಿಟ್ಟಳು. ಈಗ ಒಡೆದರೆ ನನ್ನ ಎದೆಯ ಮೇಲೆಯೇ ಒಡೆಯುತ್ತದೆ. ದೇವರೇ, ನಾನೇ ಮಾಡಿದ್ದು. ಮಾಡಿದ್ದೂ ನಾನೇ, ಮುಚ್ಚಿಟ್ಟಿದ್ದೂ ನಾನೇ. ಇವನನ್ನು ಉಳಿಸು. ಬಹಳ ದಿನಗಳ ಮೇಲೆ ಹೊರಟ ಪ್ರಾರ್ಥನೆ ಅದು. ಅದರಲ್ಲಿ ಮೆತ್ತಗಿನ ಮಾತು ಒಂದೂ ಇರಲಿಲ್ಲ.

ಹಸಿರು ಬಟ್ಟೆ ತೊಟ್ಟವರು ಬಂದು ಮಲಗಿದ್ದ ಮಗುವನ್ನು ಎತ್ತಿಕೊಂಡು ಹೋದರು. ಆಕೆಯ ಸೆರಗಿನ ಮೇಲೆ ಜೊಲ್ಲಿನ ಒದ್ದೆ ಮಾತ್ರ ಉಳಿಯಿತು. ಆಕೆಯನ್ನು ನೆಲದಿಂದ ಎಬ್ಬಿಸಲು ಮಗನೂ ನರ್ಸೂ ಕೈಹಿಡಿದು ಎಳೆಯಬೇಕಾಯಿತು.

ಕಾಯುವ ಕೋಣೆಯಲ್ಲಿ ಮೂವರೂ ಮೂರು ಕಡೆ ಕೂತರು. ಬಾಗಿಲು ಪ್ರತಿಸಲ ತೆರೆದಾಗಲೂ ಮೂವರೂ ಏಳುತ್ತಿದ್ದರು. ಬೇರೆ ಯಾರದೋ ಹೆಸರು ಕೂಗಿದರೆ ಮತ್ತೆ ಕೂರುತ್ತಿದ್ದರು. ಮಗ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಇದ್ದ, ಕುಡಿಯಲಿಲ್ಲ. ಕೊನೆಗೆ ನರ್ಸೊಬ್ಬಳು ಅವನನ್ನು ರಕ್ತ ತರಲು ಕೆಳಗೆ ಕಳಿಸಿದಳು.

ಸ್ವಲ್ಪ ಹೊತ್ತಿನ ಮೇಲೆ ಸೊಸೆ ಮುಖ ತೊಳೆಯಲು ಎದ್ದು ಹೋದಳು. ಅದೇ ಹೊತ್ತಿಗೆ ಡಾಕ್ಟರಮ್ಮ ಹೊರಬಂದರು. ಟೋಪಿಯ ಅಂಚಿಗೆ ಬೆವರಿತ್ತು. ಕೋಣೆಯಲ್ಲಿ ಮೆತ್ತೆಯಮ್ಮನನ್ನು ಕಂಡು ಹತ್ತಿರ ಬಂದರು. "ಅಜ್ಜಿ..."

ಮೆತ್ತೆಯಮ್ಮ ಎರಡೂ ಕೈ ಎತ್ತಿ ತಡೆದಳು. "ನನಗೆ ಹೇಳ್ಬೇಡಿ ತಾಯಿ! ಒಂದು ನಿಮಿಷ. ಅವನಮ್ಮ ಬರ್ಲಿ." ಮೊಗಸಾಲೆಗೆ ನಡೆದು, ಆಸ್ಪತ್ರೆಯೆಂಬುದನ್ನು ಮರೆತು ಕೂಗಿದಳು, "ಬಾರೇ! ಬೇಗ ಬಾ! ನೀನೇ ಕೇಳಿಸ್ಕೋ, ನನ್ನ ಬಾಯಿಗೆ ಬಿಡ್ಬೇಡ!"

ಸೊಸೆ ಒದ್ದೆ ಮುಖದಲ್ಲೇ ಓಡಿಬಂದಳು. ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ ಹೇಳಿದರು. ಮಗು ಬದುಕಿದೆ. ಉಬ್ಬಿಗೆ ಸರಿಯಾದ ಗೋಡೆಯೇ ಇರಲಿಲ್ಲ, ಹೆಪ್ಪುಗಟ್ಟಿದ ರಕ್ತವೇ ಗೋಡೆಯಾಗಿ ನಿಂತಿತ್ತು. ಮುಟ್ಟಿದಾಗ ಒಡೆಯಿತು, ಆದರೆ ನಮ್ಮ ಕೈಯಲ್ಲಿ ಒಡೆಯಿತು, ಅಲ್ಲೇ ನಿಲ್ಲಿಸಿದೆವು. ರಕ್ತನಾಳದ ಆ ಕವಲನ್ನು ಎರಡೂ ಕಡೆ ಮುಚ್ಚಬೇಕಾಯಿತು. ಅದು ರಕ್ತ ಕೊಡುತ್ತಿದ್ದದ್ದು ಬಲಗೈಯನ್ನು ಆಡಿಸುವ ಮೆದುಳಿನ ಭಾಗಕ್ಕೆ. ಕೈ ಸೋಲಬಹುದು. ಎಳೆ ಮಗು, ಸರಿಹೋಗಬಹುದು. ಹೋಗದೆಯೂ ಇರಬಹುದು. ಫಿಟ್ಸ್ ಬರಬಹುದು. ಇನ್ನು ಕೆಲವು ದಿನ ಗಟ್ಟಿಯಾಗಿ ಏನೂ ಹೇಳಲಾಗುವುದಿಲ್ಲ.

ಅವರು ಒಳಗೆ ಹೋದರು. ಸೊಸೆ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದು ಕೂತಿದ್ದಳು.

"ಬದುಕಿದೆ ಅಂದ್ರಲ್ವಾ ಅತ್ತೆ? ನನಗೆ ಕಿವಿ ಗುಂಯ್ ಅಂತಿದೆ. ಆಮೇಲಿನದ್ದು ಒಂದೂ ಹಿಡೀಲಿಲ್ಲ. ಇವರು ಬಂದು ಕೇಳ್ತಾರೆ. ಹೇಳಿ, ಏನಂದ್ರು?"

ಮೆತ್ತೆಯಮ್ಮನ ನಾಲಿಗೆಯ ತುದಿಗೆ ಹಳೆಯ ಅಭ್ಯಾಸ ಬಂದು ನಿಂತಿತು. ಆಕೆ ಅದನ್ನು ನುಂಗಿಕೊಂಡಳು.

"ಬದುಕಿದೆ," ಎಂದಳು. "ಬಲಗೈ ಸೋಲಬಹುದಂತೆ. ಸರಿಹೋಗಬಹುದು, ಹೋಗದೆಯೂ ಇರಬಹುದಂತೆ. ಫಿಟ್ಸ್ ಬರಬಹುದಂತೆ. ಇನ್ನೂ ಏನೂ ಹೇಳಕ್ಕಾಗಲ್ವಂತೆ."

ಸೊಸೆ ಅತ್ತಳು. ಮೆತ್ತೆಯಮ್ಮ ಸಮಾಧಾನ ಹೇಳಲಿಲ್ಲ. ಪಕ್ಕದಲ್ಲಿ ಕೂತು, ಅವಳ ಜೊತೆಗೆ ಹೆದರಿದಳು.